ಅರ್ಚಕರು, ಮಠಾಧೀಶರು ಮತ್ತು ನಮ್ಮ ನಡತೆ

(ಸಫರ್ ತಿಂಗಳ ಕೊನೆಯ ಜುಮಾದಂದು ನೀಡಿದ ಉಪನ್ಯಾಸದ ಸಂಗ್ರಹ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ ಮತ್ತು ಸಹಾಬಿಗಳ ಮೇಲೆ ಶಾಂತಿ ಮತ್ತು ಅನುಗ್ರಹಗಳಿರಲಿ. ನಮ್ಮೆಲ್ಲರಿಗೂ ಮೊದಲು ನಮಗೇ ಹೇಳಿಕೊಳ್ಳುವ ಉಪದೇಶ ತಕ್ವಾದ್ದು. ಗುಟ್ಟಾಗಿಯೂ ಬಹಿರಂಗವಾಗಿಯೂ ಅಲ್ಲಾಹನನ್ನು ಭಯಪಟ್ಟು ನಡೆಯೋಣ.

ಪ್ರೀತಿಯ ಸಹೋದರರೇ, ಕಳೆದ ಎರಡು ವಾರಗಳಲ್ಲಿ ನಮ್ಮ ಬಳಿ ಎರಡು ಪ್ರಶ್ನೆಗಳು ಬಂದವು. ಮೊದಲನೆಯದನ್ನು ಕೇಳಿದವನು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಒಬ್ಬ ಯುವಕ. ಅವನ ಬಾಲ್ಯದ ಗೆಳೆಯನ ತಂದೆ ತೀರಿಕೊಂಡಿದ್ದರು. ಅವರು ಆಂಜನೇಯ ದೇವಸ್ಥಾನದ ಅರ್ಚಕರು. “ಉಸ್ತಾದ್, ಅವರ ಮನೆಗೆ ನಾನು ಹೋಗಬಹುದೇ? ಹೋದರೆ ಎಲ್ಲಿಯವರೆಗೆ ಹೋಗಬಹುದು?” ಎಂದು ಕೇಳಿದ. ಎರಡನೆಯದನ್ನು ಕೇಳಿದವರು ಒಬ್ಬ ಹಿರಿಯರು. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಕಾವಿ ಧರಿಸಿದ ಒಬ್ಬರು ವೇದಿಕೆಯಲ್ಲಿ ನಿಂತು ನಮ್ಮ ಬಗ್ಗೆ ಹೇಳಬಾರದ ಮಾತುಗಳನ್ನು ಹೇಳುತ್ತಿದ್ದರು. “ಇವರೆಲ್ಲ ಒಂದೇ ಅಲ್ಲವೇ ಮೌಲಾನಾ?” ಎಂದರು ಹಿರಿಯರು.

ಈ ಎರಡೂ ಪ್ರಶ್ನೆಗಳು ಒಂದೇ ವಿಷಯದ ಎರಡು ಮುಖಗಳು. ನಮ್ಮ ಹಿಂದೂ ನೆರೆಹೊರೆಯವರ ಧರ್ಮಗುರುಗಳನ್ನು ನಾವು ಹೇಗೆ ಕಾಣಬೇಕು, ಅವರೊಂದಿಗೆ ಊರಿನ ಕೆಲಸಗಳಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದೇ ಆ ವಿಷಯ. ಬರುವ ವಾರ ಗಣೇಶ ಚತುರ್ಥಿ. ಅದೇ ಹೊತ್ತಿಗೆ ರಬೀವುಲ್ ಅವ್ವಲ್. 2023ರಿಂದ 2025ರವರೆಗೆ ಈ ಎರಡೂ ಒಟ್ಟೊಟ್ಟಿಗೆ ಬಂದಿವೆ. ಆದ್ದರಿಂದ ಇದನ್ನು ಇಂದೇ ಮಾತಾಡುವುದು ಒಳ್ಳೆಯದು ಎಂದು ನಮಗೆ ತೋರಿತು.

ಯಾರು ಯಾರೆಂದು ತಿಳಿಯೋಣ

ನಮ್ಮ ಮಕ್ಕಳನ್ನು ಕೇಳಿದರೆ ಕಾವಿ, ಜನಿವಾರ, ವಿಭೂತಿ ಯಾವುದು ಕಂಡರೂ “ಸ್ವಾಮೀಜಿ” ಎನ್ನುತ್ತಾರೆ. ನಮ್ಮಲ್ಲಿ ಮುಅದ್ದಿನ್, ಇಮಾಮ್, ಖಾಝಿ, ಮುಫ್ತಿ ಎಂದು ಬೇರೆ ಬೇರೆ ಹೊಣೆಗಳಿವೆಯಲ್ಲವೇ? ಹಾಗೆಯೇ ಅವರಲ್ಲೂ ಇದೆ. ದೇವಸ್ಥಾನದಲ್ಲಿ ದಿನನಿತ್ಯ ಪೂಜೆ ಮಾಡುವವರು ಅರ್ಚಕರು. ಮನೆಗಳಿಗೆ ಹೋಗಿ ನಾಮಕರಣ, ಮದುವೆ, ಗೃಹಪ್ರವೇಶ, ತಿಥಿ ಮಾಡಿಸುವವರು ಪುರೋಹಿತರು. ಕರಾವಳಿಯ ದೇವಸ್ಥಾನಗಳಲ್ಲಿ ವಿಧಿವಿಧಾನಗಳ ಕೊನೆಯ ಮಾತು ತಂತ್ರಿಗಳದ್ದು. ಲಿಂಗಾಯತರಲ್ಲಿ ಜಂಗಮರು, ಅಯ್ಯನವರು ಇದ್ದಾರೆ. ಗ್ರಾಮದೇವತೆಯ ಗುಡಿಯ ಪೂಜಾರಿ ಎಷ್ಟೋ ಊರುಗಳಲ್ಲಿ ಬ್ರಾಹ್ಮಣರಲ್ಲ, ಬೇರೆ ಸಮುದಾಯದವರು. ಇನ್ನು ಮಠಾಧೀಶರು ಬೇರೆಯೇ. ಅವರು ಸಂನ್ಯಾಸಿಗಳು. ಒಂದು ಸಮುದಾಯಕ್ಕೆ ಗುರುವಾಗಿ, ಶಾಲೆ, ಕಾಲೇಜು, ವಿದ್ಯಾರ್ಥಿನಿಲಯ, ಆಸ್ಪತ್ರೆಗಳನ್ನು ನಡೆಸುವವರು. ನಮ್ಮ ಎಷ್ಟೋ ಮಕ್ಕಳು ಓದಿದ್ದು ಇಂತಹ ಮಠಗಳ ಶಾಲೆಗಳಲ್ಲಿಯೇ.

ಇದನ್ನು ಯಾಕೆ ಹೇಳುತ್ತಿದ್ದೇವೆಂದರೆ, ಗೊತ್ತಿಲ್ಲದವರ ಮೇಲೆ ಸಿಟ್ಟು ಬೇಗ ಬರುತ್ತದೆ. ನಮ್ಮ ಊರಿನ ಸಣ್ಣ ದೇವಸ್ಥಾನದ ಅರ್ಚಕರ ಬದುಕನ್ನು ಸ್ವಲ್ಪ ನೋಡಿ. ವರ್ಷಕ್ಕೆ 5 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯದ ದೇವಸ್ಥಾನಗಳನ್ನು ಮುಜರಾಯಿ ಇಲಾಖೆ ‘ಸಿ’ ವರ್ಗದಲ್ಲಿ ಇಟ್ಟಿದೆ. ರಾಜ್ಯದ ಬಹುಪಾಲು ಮುಜರಾಯಿ ದೇವಸ್ಥಾನಗಳು ಈ ವರ್ಗದವೇ. ಅವುಗಳಿಗೆ ಸರಕಾರ ಕೊಡುವ ತಸ್ತೀಕ್ ವರ್ಷಕ್ಕೆ 60 ಸಾವಿರ ಇತ್ತು. 2025-26ರ ಬಜೆಟ್ಟಿನಲ್ಲಿ ಅದನ್ನು 72 ಸಾವಿರಕ್ಕೆ ಏರಿಸಿದರು. ಅಂದರೆ ತಿಂಗಳಿಗೆ 6 ಸಾವಿರ. ಅದೇ ಬಜೆಟ್ಟಿನಲ್ಲಿ ಮಸೀದಿಯ ಪೇಶ್ ಇಮಾಮರ ಗೌರವಧನವನ್ನೂ ತಿಂಗಳಿಗೆ 6 ಸಾವಿರಕ್ಕೆ, ಮುಅದ್ದಿನರದ್ದನ್ನು 5 ಸಾವಿರಕ್ಕೆ ಏರಿಸಿದರು. ನಸುಕಿನಲ್ಲಿ ಎದ್ದು ಬಾಗಿಲು ತೆರೆಯುವುದು, ಮಳೆಯಿರಲಿ ಜ್ವರವಿರಲಿ ಹೊತ್ತು ತಪ್ಪಿಸದಿರುವುದು, ಮಕ್ಕಳ ಫೀಸಿಗೆ ಯಾರನ್ನು ಕೇಳುವುದು ಎಂದು ಯೋಚಿಸುವುದು: ಈ ಕಷ್ಟಗಳು ನಮ್ಮ ಬೀದಿಯ ಇಮಾಮರಿಗೂ ಆ ಬೀದಿಯ ಅರ್ಚಕರಿಗೂ ಒಂದೇ. ನಂಬಿಕೆ ಬೇರೆ. ಬದುಕಿನ ಭಾರ ಬೇರೆಯಲ್ಲ.

ಇನ್ನೊಂದು ಮಾತು. ಕೆಲವು ವರ್ಷಗಳಿಂದ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಬ್ಯಾನರುಗಳನ್ನು ಕಂಡಿದ್ದೇವೆ. 2022ರಲ್ಲಿ ಅದು ಊರೂರಿಗೆ ಹಬ್ಬಿತು. ಬಳೆ, ಆಟಿಕೆ, ಕಡ್ಲೆಪುರಿ ಮಾರಿ ಬದುಕುವ ನಮ್ಮ ಕುಟುಂಬಗಳು ಬಹಳ ನೊಂದವು. ಆ ನೋವು ಸುಳ್ಳಲ್ಲ. ಆದರೆ ಆ ಬ್ಯಾನರನ್ನು ಕಟ್ಟಿದವರು ಯಾರು? ಹೆಚ್ಚಿನ ಕಡೆ ಅರ್ಚಕರಲ್ಲ. ಮುಜರಾಯಿ ಕಾನೂನಿನಂತೆ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯಲ್ಲಿ ಒಂಬತ್ತು ಮಂದಿ ಇರುತ್ತಾರೆ. ಅರ್ಚಕರಿಗೆ ಇರುವುದು ಅದರಲ್ಲಿ ಒಂದೇ ಸ್ಥಾನ. ಅಂಗಡಿ ಹರಾಜು, ಬಾಡಿಗೆ, ಬ್ಯಾನರು ಅವರ ಕೈಯಲ್ಲಿಲ್ಲ. ಗರ್ಭಗುಡಿಯಲ್ಲಿ ನಿಂತವರ ಮೇಲೆ ಬೀದಿಯಲ್ಲಿ ನಿಂತವರ ಕೋಪವನ್ನು ತೀರಿಸಿಕೊಳ್ಳುವುದು ನ್ಯಾಯವಲ್ಲ.

ಒಳ್ಳೆಯದನ್ನು ಒಳ್ಳೆಯದೆಂದು ಹೇಳೋಣ

ಕುರ್‌ಆನಿನ ಸೂರಃ ಅಲ್ ಮಾಇದದ 8ನೇ ವಚನ ನಮಗೆ ಕಲಿಸುವುದೇನು? ಯಾವುದಾದರೂ ಜನತೆಯ ಮೇಲಿನ ದ್ವೇಷ ನಮ್ಮನ್ನು ನ್ಯಾಯದಿಂದ ಸರಿಸಬಾರದು, ನ್ಯಾಯವೇ ತಕ್ವಾಕ್ಕೆ ಹತ್ತಿರ ಎಂಬುದು. ಸಾಕ್ಷಿ ಹೇಳುವಾಗ ಇರುವಂತೆಯೇ ಹೊಗಳುವಾಗಲೂ ನ್ಯಾಯ ಬೇಕು. ವಿಡಿಯೋದಲ್ಲಿ ಕಂಡ ಒಬ್ಬರ ಮಾತನ್ನು ನೂರು ಜನರಿಗೆ ಕಳುಹಿಸುವ ನಾವು, ನಮ್ಮದೇ ನಾಡಿನ ಸ್ವಾಮೀಜಿಗಳು ಮಾಡಿದ ಒಳಿತನ್ನು ಎಷ್ಟು ಮಂದಿಗೆ ತಿಳಿಸಿದ್ದೇವೆ?

ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ತಮ್ಮ 111ನೇ ವಯಸ್ಸಿನಲ್ಲಿ ತೀರಿಕೊಂಡರು. 1941ರಿಂದ ಅವರು ಆ ಮಠದ ಹೊಣೆ ಹೊತ್ತಿದ್ದರು. ಅಲ್ಲಿ ಸಾವಿರಾರು ಬಡ ಮಕ್ಕಳಿಗೆ ಊಟ, ವಸತಿ, ಓದು. ಜಾತಿ ಕೇಳುವುದಿಲ್ಲ, ಧರ್ಮ ಕೇಳುವುದಿಲ್ಲ. ನಮ್ಮ ಮಕ್ಕಳೂ ಅಲ್ಲಿ ಉಂಡಿದ್ದಾರೆ, ಓದಿದ್ದಾರೆ. ಅವರು ಅದನ್ನು ದಾಸೋಹ ಎಂದರು. ಹಸಿದವನಿಗೆ ಉಣಿಸುವುದು ನಮ್ಮ ದೀನಿನಲ್ಲಿ ಎಷ್ಟು ದೊಡ್ಡ ಕಾರ್ಯವೆಂದು ನಿಮಗೆ ಗೊತ್ತು. ಹಸಿದ ಮಗುವಿನ ತಂದೆ ಯಾರೆಂದು ಕೇಳದೆ ಉಣಿಸಿದವರನ್ನು ಗೌರವದಿಂದ ನೆನೆಯುವುದು ಮನುಷ್ಯತ್ವ.

ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ 2018ರ ಅಕ್ಟೋಬರಿನಲ್ಲಿ ತೀರಿಕೊಂಡರು. ಕನ್ನಡದ ಕೆಲಸಕ್ಕೆ, ಪುಸ್ತಕ ಪ್ರಕಟಣೆಗೆ ಹೆಸರಾದವರು. ಕೋಮು ಸೌಹಾರ್ದಕ್ಕಾಗಿ ಕೇಂದ್ರ ಸರಕಾರ ಕೊಡುವ ರಾಷ್ಟ್ರೀಯ ಪ್ರಶಸ್ತಿಯೂ ಅವರಿಗೆ ಬಂದಿತ್ತು. ಅದೇ ಜಿಲ್ಲೆಯ ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವಿದೆ. ಅಲ್ಲಿನ ಪೀಠದ ಹೆಸರಿನಲ್ಲಿಯೇ ‘ಫಕೀರ’ ಎಂಬ ನಮ್ಮ ಶಬ್ದ ಉಳಿದಿದೆ.

ಉಡುಪಿಯ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿಯವರ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಯೋಧ್ಯೆಯ ಚಳವಳಿಯಲ್ಲಿ ಅವರು ಮುಂಚೂಣಿಯಲ್ಲಿದ್ದರು. ಆ ವಿಷಯದಲ್ಲಿ ನಮಗೆ ಅವರೊಂದಿಗೆ ದೊಡ್ಡ ಭಿನ್ನಾಭಿಪ್ರಾಯವಿತ್ತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅದೇ ಸ್ವಾಮೀಜಿ 2017ರ ರಮಝಾನಿನಲ್ಲಿ ಉಡುಪಿಯ ಕೃಷ್ಣ ಮಠದ ಆವರಣದಲ್ಲಿ ಮುಸ್ಲಿಮರಿಗೆ ಇಫ್ತಾರ್ ಏರ್ಪಡಿಸಿದರು. ಉಪವಾಸ ಬಿಟ್ಟವರು ಅಲ್ಲಿಯೇ ನಮಾಝ್ ಮಾಡಿದರು. ಕೆಲವು ಸಂಘಟನೆಗಳು ಅವರ ವಿರುದ್ಧ ಪ್ರತಿಭಟನೆಗೆ ಇಳಿದವು. 80 ದಾಟಿದ ಆ ವೃದ್ಧರು ಹಿಂದೆ ಸರಿಯಲಿಲ್ಲ. ತಾವು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ ಎಂದು ತಮ್ಮ ಜನರ ಮುಂದೆಯೇ ಸಮರ್ಥಿಸಿಕೊಂಡರು. ಇದರಿಂದ ನಾವು ಕಲಿಯುವುದೇನು? ಒಂದು ವಿಷಯದಲ್ಲಿ ಎದುರಾಳಿಯಾದವರು ಇನ್ನೊಂದು ವಿಷಯದಲ್ಲಿ ಆತಿಥೇಯರಾಗಬಹುದು. ಮನುಷ್ಯರನ್ನು ಒಂದೇ ಬಣ್ಣದಲ್ಲಿ ಬಳಿದುಬಿಟ್ಟರೆ ಆ ಬಾಗಿಲು ನಮಗೆ ಕಾಣಿಸುವುದೇ ಇಲ್ಲ.

ಬೇಲೂರಿನ ಚೆನ್ನಕೇಶವ ದೇವಸ್ಥಾನದ ರಥೋತ್ಸವದಲ್ಲಿ ಖಾಝಿಯವರು ಕುರ್‌ಆನ್ ಪಠಿಸುವ ವಾಡಿಕೆ ಬಹಳ ಹಿಂದಿನಿಂದ ಬಂದದ್ದು. 2022ರಲ್ಲಿ ಅದನ್ನು ನಿಲ್ಲಿಸಬೇಕೆಂಬ ಒತ್ತಾಯ ಬಂತು. ಮುಜರಾಯಿ ಇಲಾಖೆ ಆಗಮ ಪಂಡಿತರ ಅಭಿಪ್ರಾಯ ಕೇಳಿತು. ಹಳೆಯ ಸಂಪ್ರದಾಯವನ್ನು ಕೆಡಿಸಬೇಕಿಲ್ಲ ಎಂದಾಯಿತು, ರಥೋತ್ಸವ ವಾಡಿಕೆಯಂತೆ ನಡೆಯಿತು. ಇಂತಹ ವಾಡಿಕೆಗಳ ಬಗ್ಗೆ ನಮ್ಮ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಅದು ಬೇರೆ ಮಾತು. ಇಲ್ಲಿ ನಾವು ಗಮನಿಸಬೇಕಾದದ್ದು ಇಷ್ಟೇ: ಬೀದಿಯ ಕೂಗಿನ ನಡುವೆ ಶಾಸ್ತ್ರ ಬಲ್ಲವರನ್ನು ಕೇಳಿದಾಗ ಉತ್ತರ ಸಮಾಧಾನದ್ದಾಗಿತ್ತು.

ಇನ್ನೂ ಹಿಂದಕ್ಕೆ ಹೋದರೆ ಶೃಂಗೇರಿ ಇದೆ. 1791ರಲ್ಲಿ ಮರಾಠಾ ಸೈನ್ಯದ ದಂಡು ಶೃಂಗೇರಿಯನ್ನು ಕೊಳ್ಳೆ ಹೊಡೆಯಿತು. ಆಗ ಪೀಠದಲ್ಲಿದ್ದ ಮೂರನೆಯ ಸಚ್ಚಿದಾನಂದ ಭಾರತಿ ಸ್ವಾಮಿಗಳು ಟಿಪ್ಪು ಸುಲ್ತಾನರಿಗೆ ತಿಳಿಸಿದರು. ಸುಲ್ತಾನರು ಶಾರದಾ ದೇವಿಯ ಪುನಃಪ್ರತಿಷ್ಠೆಗೆ ಹಣ, ಧಾನ್ಯ ಕಳುಹಿಸಿದರು. ಕನ್ನಡದಲ್ಲಿ ಬರೆದ ಆ ಪತ್ರಗಳನ್ನು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದಲ್ಲಿ ಕಂಡು ಬೆಳಕಿಗೆ ತಂದರು. ಒಬ್ಬ ಮುಸ್ಲಿಂ ದೊರೆಯ ಪತ್ರಗಳನ್ನು ನೂರಕ್ಕೂ ಹೆಚ್ಚು ವರ್ಷ ಜೋಪಾನ ಮಾಡಿಟ್ಟದ್ದು ಒಂದು ಹಿಂದೂ ಮಠ. ಮನೆಯಲ್ಲಿ ಮಕ್ಕಳಿಗೆ ಟಿಪ್ಪುವಿನ ಕಥೆ ಹೇಳುವಾಗ ಕತ್ತಿಯ ಕಥೆಯೊಂದಿಗೆ ಈ ಪತ್ರಗಳ ಕಥೆಯನ್ನೂ ಹೇಳಿ.

ಹೆಸರಿಲ್ಲದ ಒಬ್ಬರು

ಇವೆಲ್ಲ ದೊಡ್ಡವರ ಮಾತಾಯಿತು. ಪತ್ರಿಕೆಯಲ್ಲಿ ಹೆಸರು ಬಾರದವರ ಒಂದು ಸಂಗತಿ ಕೇಳಿ. ನಮ್ಮ ಪಕ್ಕದ ಹಳ್ಳಿಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಗುಡಿಯ ಹಿಂಬದಿಯ ಮೆಟ್ಟಿಲ ಮೇಲೆ ಮಾಂಸದ ತುಂಡು ಬಿದ್ದಿತ್ತು. ಒಂಬತ್ತು ಗಂಟೆಯ ಹೊತ್ತಿಗೆ ಐವತ್ತು ಜನ ಸೇರಿದರು. ಯಾರೋ ಫೋಟೋ ತೆಗೆದು ಗ್ರೂಪಿಗೆ ಹಾಕುವವರಿದ್ದರು. ಆಗ ಅರ್ಚಕರು ಬಂದು ಹೇಳಿದರಂತೆ, “ರಸ್ತೆ ತುದಿಯ ಅಂಗಡಿಯಿಂದ ನಾಯಿ ಎಳೆದುಕೊಂಡು ಬರುತ್ತದೆ. ಭಾನುವಾರ ಆದರೆ ಇದೇ ಕಥೆ. ನಾನು ಎಷ್ಟು ಸಲ ಎತ್ತಿ ಹಾಕಿದ್ದೇನೆ. ಫೋಟೋ ಗೀಟೋ ಏನೂ ಬೇಡ, ಒಂದು ಕೊಡ ನೀರು ತನ್ನಿ.” ನೀರು ಸುರಿದು ಮೆಟ್ಟಿಲು ತೊಳೆದು ಒಳಗೆ ಹೋಗಿ ಗಂಟೆ ಬಾರಿಸಿದರು. ಜನ ಚದುರಿದರು. ಅಲ್ಲಿಗೆ ಮುಗಿಯಿತು.

ಅವರು ಸುಳ್ಳು ಹೇಳಬೇಕಿರಲಿಲ್ಲ, ನಮ್ಮ ಪರ ವಹಿಸಬೇಕಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಸಾಕಿತ್ತು, ಅದನ್ನೇ ಮಾಡಿದರು. ಆದರೆ ಆ ಹೊತ್ತಿನಲ್ಲಿ ಅಷ್ಟು ಹೇಳುವುದಕ್ಕೂ ಧೈರ್ಯ ಬೇಕು. ಅವರು ಸುಮ್ಮನಿದ್ದಿದ್ದರೆ ಆ ದಿನ ಯಾರ ಅಂಗಡಿ ಸುಡುತ್ತಿತ್ತೋ, ಯಾರ ಮಗ ಜೈಲಿನಲ್ಲಿರುತ್ತಿದ್ದನೋ ಅಲ್ಲಾಹನೇ ಬಲ್ಲ. ಮರುವಾರದಿಂದ ಆ ಮಾಂಸದ ಅಂಗಡಿಯ ಸಹೋದರರು ಮುಚ್ಚಳವಿರುವ ಡ್ರಮ್ಮು ಇಟ್ಟು, ತ್ಯಾಜ್ಯವನ್ನು ರಾತ್ರಿಯೇ ಸಾಗಿಸತೊಡಗಿದರು. ಧನ್ಯವಾದ ಹೇಳುವ ಸರಿಯಾದ ರೀತಿ ಅದು. ಬಾಯಿಮಾತಿನ ಸೌಹಾರ್ದಕ್ಕಿಂತ ಮುಚ್ಚಳದ ಡ್ರಮ್ಮು ದೊಡ್ಡದು.

ಅರ್ಚಕರ ಪಾತ್ರ ಊರಿನಲ್ಲಿ ಏನು ಎಂದು ಕೇಳಿದರೆ ಇದೇ ಉತ್ತರ. ಪೊಲೀಸರು ಬರುವುದಕ್ಕೆ ಅರ್ಧ ಗಂಟೆ ಬೇಕು. ಅಷ್ಟರೊಳಗೆ ಜನ ಯಾರ ಮಾತು ಕೇಳುತ್ತಾರೋ ಅವರ ಕೈಯಲ್ಲಿ ಊರಿನ ಶಾಂತಿ ಇರುತ್ತದೆ. ಅವರ ಜನರಿಗೆ ಅವರ ಗುರುಗಳು ಹೇಳಬೇಕು, ನಮ್ಮ ಜನರಿಗೆ ನಾವು ಹೇಳಬೇಕು.

ದೀನ್ ಏನು ಕಲಿಸುತ್ತದೆ

ಪ್ರವಾದಿ(ಸ)ರ ಬಳಿಗೆ ನಜ್ರಾನಿನ ಕ್ರೈಸ್ತರ ನಿಯೋಗ ಮದೀನಕ್ಕೆ ಬಂತು. ಸುಮಾರು 60 ಜನ. ಅವರಲ್ಲಿ ಅವರ ಬಿಷಪ್ಪರೂ ಇದ್ದರು. ಅವರಿಗೆ ಪ್ರಾರ್ಥನೆಯ ಸಮಯವಾದಾಗ ಪ್ರವಾದಿ(ಸ)ರ ಮಸೀದಿಯಲ್ಲಿಯೇ ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸಲು ಅವರನ್ನು ಬಿಡಲಾಯಿತೆಂದು ಸೀರತ್ ಗ್ರಂಥಗಳಲ್ಲಿದೆ. ಹಾಗೆಂದು ಪ್ರವಾದಿ(ಸ)ರು ವಿಶ್ವಾಸದ ವಿಷಯದಲ್ಲಿ ಒಂದು ಅಕ್ಷರವನ್ನಾದರೂ ಬಿಟ್ಟುಕೊಟ್ಟರೇ? ಇಲ್ಲ. ಈಸಾ(ಅ)ರ ಬಗ್ಗೆ ಸ್ಪಷ್ಟವಾಗಿ ಚರ್ಚಿಸಿದರು, ಮುಬಾಹಲಕ್ಕೂ ಕರೆದರು. ಅವರು ಒಪ್ಪಲಿಲ್ಲ. ಕೊನೆಗೆ ಒಪ್ಪಂದವಾಯಿತು. ಆ ಒಪ್ಪಂದದಲ್ಲಿ ಅವರ ಧರ್ಮಗುರುಗಳನ್ನು ಅವರ ಸ್ಥಾನದಿಂದ, ಸಂನ್ಯಾಸಿಗಳನ್ನು ಅವರ ಮಠದಿಂದ ತೆಗೆಯುವಂತಿಲ್ಲ ಎಂಬ ಮಾತಿತ್ತು. ವಿಶ್ವಾಸದಲ್ಲಿ ದೃಢತೆ, ನಡತೆಯಲ್ಲಿ ಔದಾರ್ಯ: ಎರಡೂ ಒಂದೇ ಮಸೀದಿಯಲ್ಲಿ, ಒಂದೇ ಭೇಟಿಯಲ್ಲಿ.

ಅಬೂಬಕರ್(ರ) ಸೈನ್ಯವನ್ನು ಶಾಮಿನ ಕಡೆಗೆ ಕಳುಹಿಸುವಾಗ, ದೇವನಿಗಾಗಿ ತಮ್ಮನ್ನು ಮುಡಿಪಾಗಿಟ್ಟು ಕುಳಿತವರನ್ನು ಅವರ ಪಾಡಿಗೆ ಬಿಡಿ ಎಂದು ಆಜ್ಞಾಪಿಸಿದರು. ಉಮರ್(ರ) ಜೆರುಸಲೇಮಿಗೆ ಬಂದಾಗ ಅಲ್ಲಿನ ದೊಡ್ಡ ಚರ್ಚಿನೊಳಗೆ ನಮಾಝ್ ಮಾಡಲು ಧರ್ಮಗುರು ಸೊಫ್ರೋನಿಯಸ್ ಕೇಳಿಕೊಂಡರೂ ಹೊರಗೆ ಬಂದು ಮಾಡಿದರೆಂದು ಇತಿಹಾಸಕಾರರು ಹೇಳುತ್ತಾರೆ. ಮುಂದೆ ಮುಸ್ಲಿಮರು ಅದನ್ನು ತಮ್ಮದೆನ್ನಬಾರದು ಎಂಬುದೇ ಅವರ ಉದ್ದೇಶವಾಗಿತ್ತು.

“ಅವರು ಅಹ್ಲೆ ಕಿತಾಬ್. ಇಲ್ಲಿಯವರು ವಿಗ್ರಹ ಪೂಜಿಸುವವರು. ಎರಡೂ ಒಂದೇ ಹೇಗಾಗುತ್ತದೆ?” ಎಂದು ನಮ್ಮ ಕೆಲವು ಯುವಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮದುವೆ, ಝಬೀಹದಂತಹ ಕೆಲವು ವಿಧಿಗಳಲ್ಲಿ ವ್ಯತ್ಯಾಸವಿದೆ, ನಿಜ. ಆದರೆ ಒಳ್ಳೆಯ ನಡತೆಯ ವಿಷಯದಲ್ಲಿ ಸೂರಃ ಅಲ್ ಮುಮ್ತಹಿನದ 8ನೇ ವಚನ ನೋಡಿ. ಧರ್ಮದ ಕಾರಣಕ್ಕೆ ನಿಮ್ಮೊಂದಿಗೆ ಯುದ್ಧ ಮಾಡದವರೊಂದಿಗೆ, ನಿಮ್ಮನ್ನು ಮನೆಗಳಿಂದ ಹೊರಗಟ್ಟದವರೊಂದಿಗೆ ಒಳಿತು ಮತ್ತು ನ್ಯಾಯದಿಂದ ವರ್ತಿಸುವುದನ್ನು ಅಲ್ಲಾಹನು ತಡೆಯುವುದಿಲ್ಲ ಎಂಬುದು ಅದರ ಆಶಯ. ಅಬೂಬಕರ್(ರ)ರ ಮಗಳು ಅಸ್ಮಾ(ರ)ರ ತಾಯಿ ಆಗ ಮುಶ್ರಿಕ್ ಆಗಿದ್ದರು. ಮಗಳನ್ನು ನೋಡಲು ಮದೀನಕ್ಕೆ ಬಂದರು. ಅಸ್ಮಾ(ರ) ಪ್ರವಾದಿ(ಸ)ರನ್ನು ಕೇಳಿದರು. ತಾಯಿಯೊಂದಿಗೆ ಸಂಬಂಧ ಕಾಪಾಡು ಎಂದೇ ಪ್ರವಾದಿ(ಸ)ರು ಹೇಳಿದರು.

ಹಿಜ್ರತ್ತಿನಲ್ಲಿ ದಾರಿ ತೋರಿಸಿದವರು ಯಾರು? ಅಬ್ದುಲ್ಲಾ ಬಿನ್ ಉರೈಖಿತ್. ಆಗ ಮುಸ್ಲಿಮರಾಗಿರಲಿಲ್ಲ. ಪ್ರವಾದಿ(ಸ)ರು ತಮ್ಮ ಪ್ರಾಣವನ್ನೇ ಅವರ ನಂಬಿಕೆಗೆ ಬಿಟ್ಟರು. ತಾಯಿಫಿನಿಂದ ಕಲ್ಲೇಟು ತಿಂದು ಮರಳಿದಾಗ ಮಕ್ಕಾದೊಳಗೆ ರಕ್ಷಣೆ ಕೊಟ್ಟವರು ಯಾರು? ಮುತ್‌ಇಮ್ ಬಿನ್ ಅದೀ. ಅವರೂ ಮುಶ್ರಿಕ್. ಆ ಉಪಕಾರವನ್ನು ಪ್ರವಾದಿ(ಸ)ರು ಮರೆಯಲಿಲ್ಲ. ಬದ್ರ್ ಯುದ್ಧದ ಕೈದಿಗಳ ವಿಷಯದಲ್ಲಿ, ಮುತ್‌ಇಮ್ ಬದುಕಿದ್ದು ಕೇಳಿದ್ದರೆ ಇವರನ್ನೆಲ್ಲ ಅವರಿಗಾಗಿ ಬಿಟ್ಟುಬಿಡುತ್ತಿದ್ದೆ ಎಂಬರ್ಥದ ಮಾತು ಹೇಳಿದರು. ಪ್ರವಾದಿತ್ವಕ್ಕೆ ಮೊದಲು ಮಕ್ಕಾದಲ್ಲಿ ಅನ್ಯಾಯಕ್ಕೊಳಗಾದವರ ಪರ ನಿಲ್ಲಲು ‘ಹಿಲ್ಫುಲ್ ಫುದೂಲ್’ ಎಂಬ ಒಪ್ಪಂದವಾಗಿತ್ತು. ಇಸ್ಲಾಮ್ ಬಂದ ಮೇಲೂ ಅಂತಹದಕ್ಕೆ ಕರೆದರೆ ಹೋಗುವೆನೆಂದರು. ಇಂದಿನ ಶಾಂತಿ ಸಭೆ, ಸೌಹಾರ್ದ ವೇದಿಕೆಗಳಿಗೆ ನಾವು ಹೋಗುವುದು ಈ ಮಾದರಿಯ ಮೇಲೆ.

ನಮ್ಮ ವಿದ್ವಾಂಸರೂ ಈ ದಾರಿಯಲ್ಲಿ ನಡೆದವರು. ಅಲ್ ಬಿರೂನಿ ಸಾವಿರ ವರ್ಷಗಳ ಹಿಂದೆ ಸಂಸ್ಕೃತ ಕಲಿತು, ಪಂಡಿತರಿಂದ ಕೇಳಿ ತಿಳಿದು, ಸುಮಾರು 1030ರಲ್ಲಿ ಹಿಂದೂಸ್ಥಾನದ ಬಗ್ಗೆ ದೊಡ್ಡ ಗ್ರಂಥ ಬರೆದರು. ಒಪ್ಪದಿದ್ದನ್ನೂ ತಿರುಚದೆ, ಅವರು ಹೇಳುವಂತೆಯೇ ಬರೆದರು. ನೆರೆಯವರ ನಂಬಿಕೆಯನ್ನು ಅವರಿಂದಲೇ ತಿಳಿಯಬೇಕು, ಅವರ ಶತ್ರುಗಳಿಂದಲ್ಲ. ನಮ್ಮ ಬಗ್ಗೆ ಬೇರೆಯವರು ಹೀಗೆಯೇ ತಿಳಿಯಲಿ ಎಂದು ನಾವು ಬಯಸುತ್ತೇವಲ್ಲವೇ?

ಗಡಿ ಎಲ್ಲಿದೆ

ಸಹೋದರರೇ, ಸೌಹಾರ್ದವೆಂದರೆ ಎಲ್ಲವನ್ನೂ ಕಲಸಿಬಿಡುವುದಲ್ಲ. ನಮ್ಮ ಧರ್ಮ ನಮಗೆ, ನಿಮ್ಮ ಧರ್ಮ ನಿಮಗೆ ಎಂಬುದು ಸೂರಃ ಅಲ್ ಕಾಫಿರೂನಿನ ಪಾಠ. ತೌಹೀದ್ ನಮ್ಮ ಪ್ರಾಣ. ಪೂಜೆಯಲ್ಲಿ, ಆರತಿಯಲ್ಲಿ ನಾವು ಪಾಲುಗೊಳ್ಳುವುದಿಲ್ಲ. ವಿಗ್ರಹಕ್ಕೆ ಅರ್ಪಿಸಿದ್ದನ್ನು ಸೇವಿಸುವುದಿಲ್ಲ. ಇದನ್ನು ಮುಖ ಸಿಂಡರಿಸದೆ ಹೇಳಬಹುದು. “ಕ್ಷಮಿಸಿ, ನಮ್ಮಲ್ಲಿ ಇದು ಆಗುವುದಿಲ್ಲ, ನಿಮ್ಮ ಪ್ರೀತಿ ನಮಗೆ ತಲುಪಿತು” ಎಂದರೆ ಯಾವ ಅರ್ಚಕರೂ ಬೇಸರಿಸುವುದಿಲ್ಲ. ನಿಯಮ ಎಂದರೇನೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮಡಿಯಲ್ಲಿದ್ದಾಗ ಅವರು ಸ್ವಂತ ಮಕ್ಕಳನ್ನೂ ಮುಟ್ಟುವುದಿಲ್ಲ. ಹಾಗೆಯೇ ಅವರು ನಮ್ಮ ಮನೆಗೆ ಬಂದಾಗ ಬಿರಿಯಾನಿಗೆ ಒತ್ತಾಯಿಸಬೇಡಿ. ಹಣ್ಣು, ಎಳನೀರು ಕೊಡಿ. ಅದನ್ನೂ ತೆಗೆದುಕೊಳ್ಳದಿದ್ದರೆ ಅವಮಾನವೆಂದು ಭಾವಿಸಬೇಡಿ. ಅವರವರ ನಿಯಮವನ್ನು ಪರಸ್ಪರ ಕಾಪಾಡುವುದೇ ಗೌರವ.

ಎರಡನೆಯ ಗಡಿ ನಾಲಿಗೆಯದ್ದು. ಅಲ್ಲಾಹನ ಹೊರತು ಅವರು ಪ್ರಾರ್ಥಿಸುವವುಗಳನ್ನು ನಿಂದಿಸಬಾರದೆಂದು ಸೂರಃ ಅಲ್ ಅನ್‌ಆಮಿನ 108ನೇ ವಚನ ಸ್ಪಷ್ಟವಾಗಿ ತಡೆದಿದೆ. ಇದು ಮಕ್ಕಾದ ವಿಗ್ರಹಾರಾಧಕರ ನಡುವೆ ಇಳಿದ ಆಜ್ಞೆ. ಮೊಬೈಲಿನಲ್ಲಿ ದೇವರ ಚಿತ್ರಗಳನ್ನಿಟ್ಟು ತಮಾಷೆ ಮಾಡುವ, ಸ್ವಾಮೀಜಿಗಳ ಉಡುಗೆಯನ್ನು ಗೇಲಿ ಮಾಡುವ ಹುಡುಗರು ನೆನಪಿಡಬೇಕು: ಅದು ಇಸ್ಲಾಮಿನ ಸೇವೆಯಲ್ಲ, ಆಜ್ಞೆಯ ಉಲ್ಲಂಘನೆ.

ಇನ್ನು ವಿಡಿಯೋದ ಮಾತು. ಅಂತಹ ಭಾಷಣ ಮಾಡಿದವರನ್ನು ನಾವು ಸಮರ್ಥಿಸುವುದಿಲ್ಲ. ದ್ವೇಷದ ಮಾತಿಗೆ ಕಾನೂನಿದೆ. ಜಮಾಅತಿನ ಹಿರಿಯರು, ವಕೀಲರು ಕೂಡಿ ಲಿಖಿತ ದೂರು ಕೊಡಬೇಕು. ಅದು ಹೇಡಿತನವಲ್ಲ, ಜವಾಬ್ದಾರಿ. ಆದರೆ ಅದನ್ನು ಹತ್ತು ಗ್ರೂಪಿಗೆ ಕಳುಹಿಸಿದರೆ ಅವರ ಭಾಷಣಕ್ಕೆ ನಾವೇ ಧ್ವನಿವರ್ಧಕವಾದಂತೆ. ಮತ್ತು ಒಬ್ಬರ ಮಾತಿಗೆ ಎಲ್ಲರನ್ನೂ ಹೊಣೆ ಮಾಡಬಾರದು. ನಮ್ಮಲ್ಲಿ ಯಾರೋ ಒಬ್ಬ ಮಾಡಿದ ತಪ್ಪಿಗೆ ನಮ್ಮೆಲ್ಲರನ್ನು ದೂಷಿಸಿದಾಗ ನಮಗೆ ಹೇಗಾಗುತ್ತದೆ? ಆ ತಕ್ಕಡಿಯನ್ನೇ ಇಲ್ಲಿಯೂ ಹಿಡಿಯಿರಿ.

ಯುವಕನ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇದು. ಹೋಗು. ಗೆಳೆಯನ ಹೆಗಲ ಮೇಲೆ ಕೈಯಿಡು. ಮನೆಯವರಿಗೆ ಸಾಂತ್ವನ ಹೇಳು. ಶಾಮಿಯಾನ, ಕುರ್ಚಿ, ನೀರು, ಬಂದವರಿಗೆ ದಾರಿ ತೋರಿಸುವುದು, ಏನು ಕೆಲಸವಿದೆಯೋ ಮಾಡು. ಧಾರ್ಮಿಕ ವಿಧಿ ಆರಂಭವಾದಾಗ ಗೌರವದಿಂದ ಒಂದು ಬದಿಗೆ ನಿಲ್ಲು. ಒಬ್ಬ ಯಹೂದಿಯ ಶವಯಾತ್ರೆ ಹಾದುಹೋದಾಗ ಪ್ರವಾದಿ(ಸ)ರು ಎದ್ದು ನಿಂತರು. ಅದು ಯಹೂದಿಯದ್ದಲ್ಲವೇ ಎಂದವರಿಗೆ, ಅದೂ ಒಂದು ಜೀವವಲ್ಲವೇ ಎಂಬ ಅರ್ಥದ ಉತ್ತರ ಕೊಟ್ಟರು. ಆ ಯುವಕ ಹೋದ. ಹದಿಮೂರನೆಯ ದಿನದ ತನಕ ಆ ಮನೆಯ ಸಂತೆ ಸಾಮಾನು ತಂದುಕೊಟ್ಟವನು ಅವನೇ ಎಂದು ಆಮೇಲೆ ತಿಳಿಯಿತು. ಅಲ್‌ಹಮ್ದುಲಿಲ್ಲಾಹ್.

ಬರುವ ವಾರಗಳಲ್ಲಿ

ಈಗ ಮಾಡಬೇಕಾದ ಕೆಲಸಗಳು.

ಒಂದು: ಜಮಾಅತಿನಿಂದ ಇಬ್ಬರು ಹಿರಿಯರು, ಇಬ್ಬರು ಯುವಕರು ಈ ವಾರವೇ ನಮ್ಮ ಬೀದಿಯ ದೇವಸ್ಥಾನದ ಅರ್ಚಕರನ್ನೂ ಗಣೇಶ ಸಮಿತಿಯವರನ್ನೂ ಭೇಟಿಯಾಗಬೇಕು. ಪೊಲೀಸ್ ಠಾಣೆಯ ಶಾಂತಿ ಸಭೆಯಲ್ಲಿ ಮಾತ್ರ ಮುಖ ನೋಡುವುದು ಸಾಲದು. ಅಲ್ಲಿ ಚಹಾ ಕುಡಿದು ಫೋಟೋ ತೆಗೆಸಿಕೊಂಡು ಬರುತ್ತೇವೆ, ಫೋನ್ ನಂಬರು ಕೂಡ ಇರುವುದಿಲ್ಲ. ನಂಬರು ತೆಗೆದುಕೊಳ್ಳಿ, ನಮ್ಮದನ್ನು ಕೊಡಿ. ರಾತ್ರಿ ಹನ್ನೆರಡಕ್ಕೆ ವದಂತಿ ಬಂದರೆ ಮೊದಲ ಕರೆ ಅವರಿಗೆ ಹೋಗಬೇಕು.

ಎರಡು: ಮೆರವಣಿಗೆಯ ದಾರಿ ಮತ್ತು ಹೊತ್ತನ್ನು ಮೊದಲೇ ಮಾತಾಡಿ. 2023ರಲ್ಲಿ ಮೀಲಾದ್ ಮತ್ತು ಗಣೇಶ ವಿಸರ್ಜನೆ ಒಂದೇ ದಿನ, ಸೆಪ್ಟೆಂಬರ್ 28ರಂದು ಬಂತು. ಮುಂಬಯಿಯ ಮುಸ್ಲಿಂ ಮುಖಂಡರು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಮುಂದೂಡಿದರು. ಬೆಳಗಾವಿಯ ಮುಸ್ಲಿಮರೂ ಮುಂದೂಡಿದರು. ಅದರಿಂದ ಯಾರ ಗೌರವವೂ ಕಡಿಮೆಯಾಗಲಿಲ್ಲ. ಪ್ರವಾದಿ(ಸ)ರ ಮೇಲಿನ ಪ್ರೀತಿಗೆ ಒಂದು ದಿನ ತಡವಾದರೆ ಏನೂ ಕೆಡುವುದಿಲ್ಲ. ಹಾಗೆಯೇ ಮಸೀದಿಯ ಮುಂದೆ ಇಶಾ ನಮಾಝಿನ ಹೊತ್ತಿನಲ್ಲಿ ವಾದ್ಯ ಸ್ವಲ್ಪ ನಿಲ್ಲಿಸಿ ಎಂದು ಅರ್ಚಕರ ಮೂಲಕವೇ ಕೇಳಿಕೊಳ್ಳಿ. ನಮ್ಮ ಹುಡುಗರು ಗೇಟಿನ ಬಳಿ ಗುಂಪು ಕಟ್ಟಿ ನಿಂತು ಕೇಳುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಮೂರು: ಮೆರವಣಿಗೆ ಹೋಗುವಾಗ ಯುವಕರು ಛಾವಣಿ ಹತ್ತಬಾರದು, ಮೊಬೈಲಿನಲ್ಲಿ ಚಿತ್ರ ತೆಗೆದು ಏನೇನೋ ಬರೆದು ಹಾಕಬಾರದು. ತಾಯಂದಿರೇ, ಇದು ನಿಮ್ಮ ಕೈಯಲ್ಲಿದೆ. ಆ ರಾತ್ರಿ ಮಗ ಎಲ್ಲಿದ್ದಾನೆಂದು ಕೇಳಿ.

ನಾಲ್ಕು: ಮಳೆ, ನೆರೆ, ಅಪಘಾತ, ರಕ್ತದ ಅಗತ್ಯ ಬಂದಾಗ ಕಾಯಬೇಡಿ. ದೇವಸ್ಥಾನದ ಬೀದಿಯಲ್ಲಿ ನೀರು ನುಗ್ಗಿದರೆ ನಮ್ಮ ಯುವಕರು ಮೊದಲು ಅಲ್ಲಿರಲಿ.

ಐದು: ಮಕ್ಕಳಿಗೆ ಊರಿನ ಅರ್ಚಕರ ಹೆಸರು ಗೊತ್ತಿರಲಿ. ಎದುರು ಸಿಕ್ಕರೆ “ನಮಸ್ಕಾರ ಅಯ್ಯನವರೇ, ಆರೋಗ್ಯವೇ?” ಎಂದು ವಿಚಾರಿಸಲಿ. ಹೆಸರು ಗೊತ್ತಿರುವವನ ಮೇಲೆ ಕಲ್ಲೆತ್ತುವುದು ಕಷ್ಟ. ನಮ್ಮ ಮಕ್ಕಳ ಹೆಸರು ಅವರಿಗೆ ಗೊತ್ತಿದ್ದರೆ, ನಮ್ಮ ಮಕ್ಕಳ ಮೇಲೆ ಸುಳ್ಳು ಆರೋಪ ಬಂದ ದಿನ ‘ನಾನು ಈ ಹುಡುಗನನ್ನು ಬಲ್ಲೆ’ ಎಂದು ಹೇಳಲು ಒಬ್ಬರಾದರೂ ಇರುತ್ತಾರೆ.

ಎಲ್ಲ ಕಡೆಯೂ ಇದಕ್ಕೆ ಒಳ್ಳೆಯ ಪ್ರತಿಕ್ರಿಯೆ ಸಿಗುತ್ತದೆಂದು ನಾವು ಹೇಳುವುದಿಲ್ಲ. ಕೆಲವರು ಬಾಗಿಲು ತೆರೆಯಲಿಕ್ಕಿಲ್ಲ. ನಮ್ಮ ಹೊಣೆ ತಟ್ಟುವುದು. ತೆರೆಸುವವನು ಅಲ್ಲಾಹನು. ಒಳಿತಿನಿಂದ ಕೆಡುಕನ್ನು ತಡೆದರೆ ಶತ್ರುವೂ ಆಪ್ತಮಿತ್ರನಂತಾಗಬಹುದು, ಆದರೆ ಆ ಗುಣ ಸಹನಶೀಲರಿಗೆ ಮಾತ್ರ ಒಲಿಯುತ್ತದೆ ಎಂದು ಸೂರಃ ಫುಸ್ಸಿಲತ್ ಕಲಿಸುತ್ತದೆ.

ಅಲ್ಲಾಹನೇ, ನಮ್ಮ ವಿಶ್ವಾಸವನ್ನು ಗಟ್ಟಿಗೊಳಿಸು, ನಮ್ಮ ನಡತೆಯನ್ನು ಮೃದುಗೊಳಿಸು. ನಮ್ಮ ಊರನ್ನು, ನಮ್ಮ ನಾಡನ್ನು, ನಮ್ಮ ದೇಶವನ್ನು ಕ್ಷೋಭೆಯಿಂದ ಕಾಪಾಡು. ನಮ್ಮ ನೆರೆಯವರ ಮನೆಗಳಲ್ಲಿ ಮತ್ತು ನಮ್ಮ ಮನೆಗಳಲ್ಲಿ ಶಾಂತಿ ನೆಲೆಗೊಳಿಸು. ನಮ್ಮ ಯುವಕರನ್ನು ದುಡುಕಿನಿಂದ, ನಮ್ಮ ನಾಲಿಗೆಯನ್ನು ಅನ್ಯಾಯದಿಂದ ರಕ್ಷಿಸು. ಸತ್ಯ ಕಂಡಲ್ಲಿ ಅದನ್ನು ಹೇಳುವ ಧೈರ್ಯವನ್ನು ಎಲ್ಲ ಸಮುದಾಯಗಳ ಹಿರಿಯರಿಗೂ ಕೊಡು. ಆಮೀನ್.